ಜನ ಬಂದರೆ ಕೆಡುವ ಪಾರ್ಕು

ಮಾನ್ಯ ಅಧ್ಯಕ್ಷರೇ,

ಕೂಡ್ಲಿಗಿ ಊರಾಚೆಯ ನಮ್ಮ ಬಡಾವಣೆಯ ಪಾರ್ಕನ್ನು ಜನರ ಕಾಟದಿಂದ ಕಾಪಾಡುತ್ತಿರುವ ಉದ್ಯಾನ ಸಮಿತಿಯ ತಮಗೆ, ಕಾಂಪೌಂಡಿನಾಚೆಯ ನಿವಾಸಿ ಸುಕನ್ಯಾ ಮಾಡುವ ದೂರದ ನಮಸ್ಕಾರಗಳು.

ತಾವು ಬರುವ ಮೊದಲು ಅಲ್ಲಿ ಬರೀ ಜಾಲಿ ಬೆಳೆದಿತ್ತು. ನನ್ನ ಅವ್ವ ಎರ್ರಮ್ಮ, ಪಕ್ಕದ ಮನೆಯ ಭರಮಮ್ಮ ಮತ್ತು ಓಣಿಯ ಹೆಂಗಸರು ಅದನ್ನು ಕಡಿದು, ಕೊಡದಲ್ಲಿ ನೀರು ಹೊತ್ತು ಹೊಂಗೆ ಗಿಡ ಬೆಳೆಸಿದರು. ಇಂಥ ಅಶಿಸ್ತನ್ನು ಸಹಿಸದ ತಾವು ಕಾಂಪೌಂಡು ಕಟ್ಟಿಸಿ, ನಡೆಯಲು ಕಲ್ಲುಹಾಸು, ಕೂರಲು ಬೆಂಚು, ನೋಡಲು ಸಿಮೆಂಟಿನ ಜಿಂಕೆ, ಜೊತೆಗೊಂದು ಕಾರಂಜಿ ಒದಗಿಸಿದಿರಿ. ಉದ್ಘಾಟನೆಯ ದಿನ ಚಿಮ್ಮಿದ ಕಾರಂಜಿ ಅತಿಥಿಗಳ ಕಾರು ಹೊರಟೊಡನೆ ನಿಂತಿತು. ತಾವು ಗೇಟಿಗೆ ಬೀಗ ಜಡಿದಿರಿ.

ಕಳೆದ ತಿಂಗಳು ಅವ್ವನ ಮೊಣಕಾಲಿಗೆ ಆಪರೇಷನ್ ಆಯಿತು. ದಿನಾ ಸಮತಟ್ಟಾದ ಜಾಗದಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದರು. ಕೋಲೂರಿಕೊಂಡು ಗೇಟಿಗೆ ಹೋದವಳಿಗೆ ಕಾವಲುಗಾರ ಹುಲುಗಣ್ಣ ತಮ್ಮ ಆಜ್ಞೆ ಒಪ್ಪಿಸಿದ: "ಜನ ಬಂದ್ರ ಪಾರ್ಕ್ ಕೆಡತೈತಂತ ಅಧ್ಯಕ್ಷರು ಹೇಳ್ಯಾರ ಯವ್ವಾ. ನಾ ಏನ್ ಮಾಡ್ಲಿ?"

"ಹೌದೇನಪ್ಪಾ? ಹಂಗಾರ ಆ ಸಿಮೆಂಟ್ ಜಿಂಕಿ ಅಡ್ಡಾಡತೈತೇನು ಒಳಗ?" ಎಂದು ಅವ್ವ ತಿರುಗಿ ಬಂದಳು.

ನಾನೇ ತಮ್ಮ ಮನೆಗೆ ಬಂದು ಬೇಡಿಕೊಂಡೆ. ತಾವು ಪೇಪರಿನಿಂದ ತಲೆ ಎತ್ತದೆ, "ಒಬ್ರಿಗೆ ತೆಗದ್ರ ನಾಳೆ ಎಲ್ರೂ ಬರ್ತಾರಮ್ಮ" ಎಂದಿರಿ. ಪಾರ್ಕಿಗೆ ಎಲ್ಲರೂ ಬಂದುಬಿಡುವ ಆ ಭೀಕರ ದಿನವನ್ನು ಮೊದಲೇ ಕಂಡ ತಮ್ಮ ದೂರದೃಷ್ಟಿಗೆ ಬೆರಗಾದೆ.

ಬೇರೆಲ್ಲೂ ಸಮತಟ್ಟಾದ ಜಾಗ ಸಿಗದೆ ಅವ್ವ ಹೆದ್ದಾರಿಯ ಅಂಚಿನಲ್ಲಿ ನಡೆಯತೊಡಗಿದಳು. ಲಾರಿಯ ಹಾರ್ನಿಗೆ ಬೆಚ್ಚಿ ಸರಿಯುವಾಗ ಬಿದ್ದು ಮುಂಗೈ ಮುರಿದುಕೊಂಡಳು. ಕಟ್ಟು ಹಾಕಿಸಿಕೊಂಡು ಬಂದವಳು ಅಳಲಿಲ್ಲ. ನನಗೆ ಮಾತ್ರ ತಮ್ಮ ನೆನಪಾಗಿ ಮೈಯೆಲ್ಲ ಉರಿಯಿತು.

ಸುದ್ದಿ ಕೇಳಿ ಬಂದ ಭರಮಮ್ಮ, "ಬೀಗಕ್ಕ ಕೈ ಹಚ್ಚಬ್ಯಾಡ್ರಿ. ಗೇಟನ್ನ ಎತ್ರಿ" ಎಂದಳು. ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಸೇರಿ, ಗೇಟನ್ನು ಬೀಗದ ಸಮೇತ ಕಂಬದಿಂದ ಕಳಚಿ ಹೊತ್ತು ತಂದು ತಮ್ಮ ಅಂಗಳಕ್ಕೆ ಒಪ್ಪಿಸಿದೆವು. ಹುಲುಗಣ್ಣನೂ ಒಂದು ಮೂಲೆಗೆ ಹೆಗಲು ಕೊಟ್ಟ. "ಗೇಟ್ ಕಾಯೋದು ನನ್ನ ಕೆಲಸರಿ. ಅದೆಲ್ಲಿ ಹೋಗತೈತಿ ನಾ ಅಲ್ಲಿ" ಎಂದ ಆ ಕರ್ತವ್ಯನಿಷ್ಠನಿಗೆ ದಯವಿಟ್ಟು ಒಂದು ಕುರ್ಚಿ ಕೊಡಿ.

ಅವ್ವ ಈಗ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಪಾರ್ಕಿನೊಳಗೆ ನಡೆಯುತ್ತಿದ್ದಾಳೆ. ಸಮಿತಿಯ ಮುಂದಿನ ಸಭೆಯನ್ನು ತಾವು ಹೆದ್ದಾರಿಯ ಅಂಚಿನಲ್ಲಿ, ನಡೆಯುತ್ತಲೇ ನಡೆಸಿಕೊಡಬೇಕೆಂದು ಕೋರುತ್ತೇನೆ.

ಪಾರ್ಕನ್ನು ಇನ್ನೂ ಪೂರ್ತಿ ಕೆಡಿಸದಿರುವ,
ತಮ್ಮ ವಿಶ್ವಾಸಿ,
ಸುಕನ್ಯಾ

ವಿ.ಸೂ.: ಗೇಟು ಹೊಸದು, ಬಣ್ಣವಿನ್ನೂ ಮಾಸಿಲ್ಲ. ತುಕ್ಕು ಹಿಡಿಯುವ ಮೊದಲು ತಮ್ಮ ನಡುಮನೆಯಲ್ಲಿ ಒರಗಿಸಿಡಿ. ಬಂದವರಿಗೆ ಸಮಿತಿಯ ಸಾಧನೆ ತೋರಿಸಲು ಅನುಕೂಲ.