ಮಾವನವರನ್ನು ಹೊರಲೊಲ್ಲದ ಗೋಡೆಗೆ

ಫತೇಗಂಜ್, ವಡೋದರಾ
ಏಪ್ರಿಲ್ ೧೯೯೮

ಜಿಪ್ಸಮ್ ಬೋರ್ಡಿನ ಗೋಡೆಯವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ನಮ್ಮ ಉಡುಪಿ ಹೋಟೆಲಿನ ಎ.ಸಿ. ಫ್ಯಾಮಿಲಿ ರೂಮಿಗೆ ತಾವು ದಯಮಾಡಿಸಿದಂದಿನಿಂದ ತಮ್ಮ ನುಣುಪು ಮೈಕಾಂತಿಗೆ ಮಾರುಹೋದವರಲ್ಲಿ ಈ ಪದ್ಮನಾಭನೇ ಮೊದಲಿಗ. ತಮಗೆ ಜಾಗ ಮಾಡಿಕೊಡಲೆಂದು ನಾನು ಒಡೆಸಿದ ಇಟ್ಟಿಗೆ ಗೋಡೆಯ ಮೇಲೆ, ಹೋಟೆಲು ಕಟ್ಟಿದ ನನ್ನ ದಿವಂಗತ ಮಾವನವರು ಸಾಗುವಾನಿಯ ಭಾರಿ ಚೌಕಟ್ಟಿನಲ್ಲಿ ವಿರಾಜಮಾನರಾಗಿದ್ದರು. ಬೆಳಗಿನ ಮೊದಲ ದೋಸೆಯನ್ನು ಅವರಿಗೆ ತೋರಿಸಿದ ಮೇಲೆಯೇ ಗಿರಾಕಿಗೆ ಬಡಿಸುವುದು ನಮ್ಮ ಕ್ರಮ. ಗೋಡೆ ಒಡೆದ ದಿನ ಅವರು ಗ್ರೈಂಡರಿನ ಪಕ್ಕದ ಕುರ್ಚಿಗೆ ಇಳಿಯಬೇಕಾಯಿತು. ಅವರು ಮತ್ತೆ ಗೋಡೆ ಏರುವ ತನಕ ಸಾಂಬಾರಿಗೆ ಮಸಾಲೆ ಹುರಿಯುವುದಿಲ್ಲವೆಂದು ನನ್ನ ಹೆಂಡತಿ ಕಮಲಾ ಕೈಕಟ್ಟಿ ಕುಳಿತಳು; ನಮ್ಮ ಖಾಯಂ ಗಿರಾಕಿಗಳಾದ ಹಾಸ್ಟೆಲ್ ಹುಡುಗರು ನನ್ನ ಕೈಯ ಸಾಂಬಾರನ್ನು ಒಮ್ಮೆ ಉಂಡು, ಎದುರಿನ ದಾಬೇಲಿ ಬನ್ನಿನ ಗಾಡಿಗೆ ನಡೆದರು.

ಮೊದಲು ಮೊಳೆ ಹೊಡೆದೆ. ತಾವು ಅದನ್ನು ಒಳಗೆ ಬರಮಾಡಿಕೊಂಡ ಸಲೀಸು ನೋಡಿ ನನ್ನ ಕಣ್ತುಂಬಿ ಬಂತು. ಫೋಟೋ ತೂಗಿ ಕೈಬಿಟ್ಟೊಡನೆ ಮೊಳೆಯನ್ನೂ ಮಾವನವರನ್ನೂ ಅಷ್ಟೇ ಆದರದಿಂದ ಬೀಳ್ಕೊಟ್ಟಿರಿ.

ಇಟ್ಟಿಗೆಯಲ್ಲಿ ಇಷ್ಟು ವರ್ಷ ಅವರನ್ನು ಹಿಡಿದಿದ್ದಂಥ ಪ್ಲಾಸ್ಟಿಕ್ ಬೆಣೆಯನ್ನು ತೂರಿಸಿ ಸ್ಕ್ರೂ ಬಿಗಿದೆ. ಅದು ತಮ್ಮ ಒಂದು ಹಿಡಿ ಬಿಳಿ ಪುಡಿಯೊಂದಿಗೆ ಕಿತ್ತು ಬಂದು, ಸೂರತ್ತಿನಿಂದ ಬಂದಿದ್ದ ಕುಟುಂಬವೊಂದರ ಚಟ್ನಿಯಲ್ಲಿ ಬಿತ್ತು. ತೆಂಗಿನಕಾಯಿ ಧಾರಾಳವಾಗಿದೆಯೆಂದು ಮೆಚ್ಚಿ ಅವರು ಇನ್ನೊಂದು ಬಟ್ಟಲು ಕೇಳಿದರು.

ಬೋರ್ಡಿನ ಹಿಂದೆ ತಗಡಿನ ಪಟ್ಟಿ ಇರುತ್ತದೆ, ಅದಕ್ಕೇ ಸ್ಕ್ರೂ ಬಿಗಿಯಿರಿ ಎಂದು ಹಾರ್ಡ್‌ವೇರ್ ಅಂಗಡಿಯ ಜಯಂತಿಭಾಯಿ ಅಂದರು. ಡಾಕ್ಟರು ಎದೆ ತಟ್ಟುವಂತೆ ತಮ್ಮನ್ನು ಉದ್ದಕ್ಕೂ ತಟ್ಟಿದೆ. ಪಟ್ಟಿ ಸಿಕ್ಕಿತು, ಕೈತೊಳೆಯುವ ಬೇಸಿನ್ನಿನ ನೆತ್ತಿಯ ಮೇಲೆ. ಇಡೀ ವಡೋದರಾ ಬಾಯಿ ಮುಕ್ಕಳಿಸುವುದನ್ನು ಅಪ್ಪಯ್ಯ ನೋಡುತ್ತ ಕೂರಬೇಕೇ ಎಂದು ಕಮಲಾ ಕೇಳಿದಳು. ನ್ಯಾಯವಾದ ಪ್ರಶ್ನೆ.

ಕೊನೆಗೆ ಜಯಂತಿಭಾಯಿ ರೆಕ್ಕೆಯ ಬೋಲ್ಟು ಕೊಟ್ಟರು. ರೆಕ್ಕೆ ಮಡಚಿಕೊಂಡು ವಿನಯದಿಂದ ಒಳಗೆ ಹೋಗುವುದು, ಹೋದ ಮೇಲೆ ಬಿಚ್ಚಿ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಮನೆಯಳಿಯನಾದ ನನಗೆ ಈ ತಂತ್ರ ಮೊದಲೇ ಹೊಳೆಯಬೇಕಿತ್ತು. ಮಾವನವರು ನಿಂತರು. ಕಮಲಾ ಗಂಧದ ಹಾರ ಹಾಕಿ, ಸೆರಗಿನಿಂದ ಗಾಜು ಒರೆಸಿ, ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದ ಖಾಲಿ ಜಾಗ ತೋರಿಸಿ ಅಂದಳು: "ಇಲ್ಲೊಂದು ಬೋಲ್ಟು ಈಗಲೇ ಹಾಕಿಡಿ. ನೀವು ಹೋದ ಮೇಲೆ ನನಗೆ ಯಾರು ಹಾಕಿ ಕೊಡ್ತಾರೆ?"

ಅವಳ ದನಿ ನಡುಗಿದ್ದರಿಂದ ನಗಲಾಗಲಿಲ್ಲ. ಹೆದರಿಕೆಯೂ ಆಯಿತು, ಸುಳ್ಳೇಕೆ, ಸಂತೋಷವೂ ಆಯಿತು. ಅವಳು ಅಡುಗೆಮನೆಗೆ ನಡೆದಳು; ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೊತ್ತಂಬರಿ ಹುರಿದ ಪರಿಮಳ ಬಂತು.

ಆದ್ದರಿಂದ ಮಾನ್ಯರೇ, ತಾವು ದಿನಕ್ಕಿಷ್ಟು ಮೈ ಬೆಳೆಸಿಕೊಂಡು, ಬೇಗನೆ ಇಟ್ಟಿಗೆಯಾಗಬೇಕೆಂದು ಕೈಮುಗಿದು ಕೋರುತ್ತೇನೆ.

ತಮ್ಮ ಬೆನ್ನಿಗೇ ಬಿದ್ದಿರುವ ವಿಶ್ವಾಸಿ,
ಪದ್ಮನಾಭ

ವಿ.ಸೂ.: ಎರಡನೆಯ ಬೋಲ್ಟು ಹಾಕಿದ್ದೇನೆ, ಸದ್ಯ ಅದಕ್ಕೆ ಕ್ಯಾಲೆಂಡರ್ ತೂಗಿದೆ. ನನ್ನನ್ನು ಹೊರುವ ಶಕ್ತಿ ತಮಗಿನ್ನೂ ಬಂದಿಲ್ಲವಾದರೆ ಸಂಕೋಚ ಬೇಡ, ಎಷ್ಟು ವರ್ಷ ಬೇಕಾದರೂ ಕಾಯಲು ನಾನು ಸಿದ್ಧ.