ಮುಳ್ಳಿಲ್ಲದ ಗುಳ್ಳ

ಯಾರಿಗೆ ಏನು ಇಷ್ಟ ಎಂದು ಕೇಳಿ ತಿಳಿಯುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮ ನೆಂಟರು ಇವತ್ತಿಗೂ ನಂಬುವುದಿಲ್ಲ. ನಾನು ಮಾಡುವುದು ಅದೇ ಕೆಲಸ. ತರಕಾರಿ ಬೀಜದ ಕಂಪನಿಯೊಂದರ ಮುಂಬಯಿಯ ಅಂಧೇರಿ ಆಫೀಸಿನಲ್ಲಿದ್ದೇನೆ. ಬೆಳೆಯುವವರಿಗೆ ಎಂಥ ಬೆಂಡೆ ಬೇಕು, ತಿನ್ನುವವರಿಗೆ ಎಂಥ ಹೀರೆ ಬೇಕು ಎಂದು ವಿಚಾರಿಸಿ, ಹೊಸ ತಳಿ ಮಾಡುವ ವಿಜ್ಞಾನಿಗಳಿಗೆ ತಿಳಿಸಬೇಕು. "ಊರವರ ಇಷ್ಟವೆಲ್ಲ ಕೇಳ್ತೀಯ, ಮನೆಯಲ್ಲಿ ಮಾತ್ರ ಕೇಳದೆ ಸೋರೆಕಾಯಿ ಬಡಿಸ್ತೀಯ" ಎಂದು ನನ್ನ ಯಜಮಾನರು ಆಗಾಗ ಗೊಣಗುವುದುಂಟು. ಅವರಿಗೆ ಗೊತ್ತಿಲ್ಲ, ಕೇಳುವುದರಿಂದ ಏನೂ ತಿಳಿಯುವುದಿಲ್ಲ ಎಂಬುದೇ ನನ್ನ ಇಷ್ಟು ವರ್ಷದ ಅನುಭವ. ಚೆಂಬೂರಿನ ಗೃಹಿಣಿಯೊಬ್ಬರು ನನ್ನೆದುರು "ರುಚಿ ಒಂದಿದ್ದರೆ ಸಾಕು, ನೋಟ ಕಟ್ಟಿಕೊಂಡು ಏನಾಗಬೇಕು?" ಎಂದು ಹೇಳಿ, ಅದೇ ಕಾಲಲ್ಲಿ ಗಾಡಿಯ ಹತ್ತಿರ ಹೋಗಿ ಬೆಂಡೆಕಾಯಿಯ ತುದಿಗಳನ್ನೆಲ್ಲ ಮುರಿದು, ಡೊಂಕಿದ್ದವನ್ನು ಬಿಟ್ಟು, ನೆಟ್ಟಗಿದ್ದವನ್ನು ಮಾತ್ರ ಆರಿಸಿಕೊಂಡರು. ಗಾಡಿಯವನು ನನ್ನನ್ನು ನೋಡಿ ನಕ್ಕ. ನಾನು 'ರುಚಿ ಮುಖ್ಯ' ಎಂದು ಬರೆದುಕೊಂಡೆ.

ಇದೆಲ್ಲ ಸಣ್ಣಪುಟ್ಟ ಕಿರಿಕಿರಿ ಎಂದು ಸುಮ್ಮನಿದ್ದವಳು ನಾನು. ಆದರೆ ಇಷ್ಟಾನಿಷ್ಟದ ವಿಚಾರಣೆಯಲ್ಲಿ ಒಂದು ಜೀವವೇ ಹೋಗುವುದರಲ್ಲಿದ್ದ ದಿನದಿಂದ ನನ್ನ ನೆಮ್ಮದಿ ಕೆಟ್ಟಿದೆ. ಲೋಕಲ್ ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ನನ್ನ ಕೈ ತಾನಾಗಿ ಅವರ ಬೆನ್ನಿನ ಕಡೆ ಹೋಗುತ್ತದೆ. ಮೊನ್ನೆ ಕುರ್ಲಾದಲ್ಲಿ ಹತ್ತಿದ ಒಬ್ಬಳನ್ನು ಗುದ್ದಿಯೂಬಿಟ್ಟೆ. ಪಾಪ, ಅವಳಿಗೆ ಬರೀ ನೆಗಡಿ.

ನಡೆದದ್ದು ಇಷ್ಟು. ನಮ್ಮ ಉಡುಪಿ ಕಡೆಯ ಗುಳ್ಳ ಗೊತ್ತಲ್ಲ, ದುಂಡಗೆ ತಿಳಿಹಸಿರಾಗಿರುವ ಬದನೆ. ಅದರ ತೊಟ್ಟಿನ ತುಂಬ ಮುಳ್ಳು. ಕೊಯ್ಯುವ ಹೆಂಗಸರ ಬೆರಳು ಕೊಯ್ಲು ಮುಗಿಯುವವರೆಗೆ ಉರಿಯುತ್ತಿರುತ್ತದೆ. ನಮ್ಮ ಕಂಪನಿಯ ವಿಜ್ಞಾನಿ ಕುಲಕರ್ಣಿ ಸರ್ ಧಾರವಾಡದವರು. ಒಮ್ಮೆ ಆ ಹೆಂಗಸರ ಬೆರಳು ನೋಡಿ ಬಂದವರು, ಮುಳ್ಳಿಲ್ಲದ ಗುಳ್ಳ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದರು. ಮಗಳ ಮದುವೆಯ ಛತ್ರ ನೋಡಲು ಹೋದಾಗಲೂ ಮಧ್ಯದಲ್ಲಿ ಎದ್ದು, ಹೂವಿಗೆ ಪರಾಗ ಹಚ್ಚಲು ಓಡಿ ಬಂದವರಂತೆ. ಕೊನೆಗೆ ಗಿಡ ಒಪ್ಪಿತು. ಬೆಳೆಗಾರ ಭೋಜಣ್ಣನೂ ಒಪ್ಪಿದ. ಒಪ್ಪಿಗೆಯ ಜೊತೆಗೆ ಅವನು ಹೇಳಿದ ಮಾತು ಮಾತ್ರ ವಿಚಿತ್ರವಾಗಿತ್ತು: "ನಮ್ಗೆ ಮುಳ್ಳು ಬೇಡವೇ ಬೇಡ. ಆದ್ರೆ ಬೊಂಬಾಯಿಗೆ ಹೋಗುವ ಗುಳ್ಳಕ್ಕೆ ಒಂದಿಷ್ಟು ಮುಳ್ಳು ಇರ್ಲಿ ಅಕ್ಕ."

ಅವನ ಮಾತಿನಲ್ಲಿ ಹುರುಳಿತ್ತು. ಮಾಟುಂಗದ ಮಾರ್ಕೆಟ್ಟಿನಲ್ಲಿ ನಮ್ಮವರು ಗುಳ್ಳ ಕೊಳ್ಳುವಾಗ ಮೊದಲು ಮುಟ್ಟುವುದು ಮುಳ್ಳನ್ನು. ಚುಚ್ಚಿದರೆ ಅಸಲಿ, ಚುಚ್ಚದಿದ್ದರೆ ಯಾವುದೋ ಊರಿನ ಬದನೆ. ಹೀಗಾಗಿ ಮೇಲಿನವರು ಕುಲಕರ್ಣಿಯವರಿಗೆ ಖಡಾಖಂಡಿತವಾಗಿ ಹೇಳಿದರು: ಮುಂಬಯಿಯವರು ರುಚಿ ನೋಡಿ ಒಪ್ಪಿದರೆ ತಳಿ ಮುಂದುವರಿಯಲಿ, ಇಲ್ಲದಿದ್ದರೆ ಇಲ್ಲಿಗೇ ಬಿಡಿ. ರುಚಿ ನೋಡಿಸುವ ಜವಾಬ್ದಾರಿ ನನ್ನ ತಲೆಗೆ ಬಂತು.

ಚೆಂಬೂರಿನ ಒಂದು ಕಾಲನಿಯ ಹಾಲ್ ಹಿಡಿದೆ. ನಮ್ಮೂರ ಕಡೆಯ ಹೆಂಗಸರನ್ನು ಕರೆದೆ. ಅಡುಗೆಗೆ ಲೀಲಕ್ಕನನ್ನು ಒಪ್ಪಿಸಿದೆ. ಲೀಲಕ್ಕನ ಯಜಮಾನರದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಅವರ ಕೈಯ ಹುಳಿಗೆ ಎದುರು ಮಾತಾಡಿದವರಿಲ್ಲ. ಒಂದನೆಯ ಪಾತ್ರೆಯಲ್ಲಿ ಮುಳ್ಳಿನ ಗುಳ್ಳ, ಎರಡನೆಯದರಲ್ಲಿ ಕುಲಕರ್ಣಿಯವರ ಗುಳ್ಳ, ಮಸಾಲೆ ಒಂದೇ. ಯಾವುದು ಯಾವುದೆಂದು ತಿನ್ನುವವರಿಗೆ ಹೇಳುವುದಿಲ್ಲ. ನಮ್ಮಲ್ಲಿ ಗುಳ್ಳವನ್ನು ತೊಟ್ಟಿನ ಸಮೇತ ಬೇಯಿಸುತ್ತಾರೆ. ಮುಳ್ಳನ್ನು ಚಾಕುವಿನಲ್ಲಿ ಹೆರೆದರೂ ಒಂದೆರಡು ಉಳಿದೇ ಉಳಿಯುತ್ತವೆ. ಚಿಕ್ಕಂದಿನಿಂದ ಅಭ್ಯಾಸವಾದ ನಮ್ಮ ನಾಲಿಗೆ ಮೊದಲು ಮೆಲ್ಲಗೆ ತಡವಿ ನೋಡಿ, ಆಮೇಲೆ ತೊಟ್ಟು ಸೀಪುತ್ತದೆ.

ಎಲ್ಲರೂ ಎರಡೂ ಹುಳಿ ತಿಂದು ಅಭಿಪ್ರಾಯ ಕೊಟ್ಟರು. ಒಂದನೆಯದು ಬೆಣ್ಣೆ ಎಂದರು ಕೆಲವರು. ಎರಡನೆಯದರಲ್ಲಿ ಬೀಜ ಜಾಸ್ತಿ, ಕೊನೆಯಲ್ಲಿ ಚೂರು ಕಹಿ ಎಂದರು ಇನ್ನು ಕೆಲವರು. ನಾನೂ ತಿಂದೆ. ನನ್ನ ಕಸುಬಿನ ನಾಲಿಗೆಗೆ ವ್ಯತ್ಯಾಸ ಸ್ಪಷ್ಟವಾಗಿಯೇ ತಿಳಿಯಿತು: ಎರಡನೆಯದರ ಸಿಪ್ಪೆ ಸ್ವಲ್ಪ ಗಟ್ಟಿ.

ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಕುಲಕರ್ಣಿಯವರ ಮುಖ ಬಾಡಿತು. ಅವರು ಎದ್ದು ನಿಂತು, "ಅಕ್ಕಾರ, ಒಂದ್ ಮಾತು ಕೇಳ್ರಿ. ಇದರ ಗುಣ ನಿಮಗಿನ್ನೂ ತಿಳಿದಿಲ್ಲ. ತೊಟ್ಟು ಸಮೇತ ಕಚಕ್ಕಂತ ತಿನ್ನಬಹುದು. ನೋಡ್ರಿ ಹಿಂಗ" ಎಂದು ಎರಡನೆಯ ಪಾತ್ರೆಯಿಂದ ಒಂದು ಹೋಳೆತ್ತಿ, ತೊಟ್ಟು ಮುಂದಾಗಿ ಬಾಯಿಗಿಟ್ಟು ಜೋರಾಗಿ ಕಚ್ಚಿ ನುಂಗಿದರು.

ಆಮೇಲಿನದನ್ನು ನಾನು ದಿನಕ್ಕೆಷ್ಟು ಸಲ ಮನಸ್ಸಿನಲ್ಲೇ ನೋಡುತ್ತೇನೋ ಲೆಕ್ಕವಿಲ್ಲ. ಮೊದಲು ಅವರ ಮಾತು ನಿಂತಿತು. ಆಮೇಲೆ ಕೆಮ್ಮು ಬಂತು, ಆಮೇಲೆ ಕೆಮ್ಮೂ ನಿಂತಿತು. ನಿಂತದ್ದೇ ಭಯಂಕರ. ಕೈ ಗಂಟಲಿಗೆ ಹೋಯಿತು, ಮುಖ ಕೆಂಪಾಗಿ ನೀಲಿಗೆ ತಿರುಗಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಆಫೀಸಿನಲ್ಲಿ ಅರ್ಧ ದಿನ ತರಬೇತಿ ಕೊಟ್ಟಿದ್ದರು. ನಾನು ಮಾಡಿದ್ದೇನೆಂದರೆ, "ಸರ್, ನೀರು ಬೇಕಾ? ಬಿಸಿಯಾ, ತಣ್ಣಗಿನದಾ?" ಎಂದು ಕೇಳಿದ್ದು. ಇಷ್ಟ ಕೇಳುವ ಚಟ ಅಷ್ಟು ಹತ್ತಿಬಿಟ್ಟಿದೆ.

ಲೀಲಕ್ಕ ಏನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದು, ಕುಲಕರ್ಣಿಯವರನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜದ ನಡುವೆ ದೋಸೆಹಿಟ್ಟು ರುಬ್ಬಿ ಗಟ್ಟಿಯಾದ ಕೈಯಿಂದ ದಬದಬನೆ ಬಾರಿಸಿದರು. ಮತ್ತೊಂದು ಏಟಿಗೆ ತೊಟ್ಟು ಹಾರಿ ಬಂದು ನನ್ನ ಚಪ್ಪಲಿಯ ಪಕ್ಕ ಬಿತ್ತು.

ಉಸಿರು ಬಂದ ಕೂಡಲೇ ಕುಲಕರ್ಣಿಯವರು ನೆಲದಲ್ಲಿ ಮಂಡಿಯೂರಿ ಆ ತೊಟ್ಟನ್ನು ಎತ್ತಿಕೊಂಡರು. ಅದರ ಮೇಲೊಂದು ಮುಳ್ಳು ನೆಟ್ಟಗೆ ನಿಂತಿತ್ತು. ಅವರ ಕಣ್ಣಲ್ಲಿ ನೀರು. ಕೆಮ್ಮಿನಿಂದ ಎಂದುಕೊಂಡೆ. "ಮುಳ್ಳು ತಿರುಗಿ ಬಂದದ ನೋಡ್ರಿ. ಎಲ್ಲಾ ವ್ಯರ್ಥ ಆತು" ಎಂದರು.

ಲೀಲಕ್ಕನ ಮುಖ ಸಣ್ಣಗಾಯಿತು. "ಅಯ್ಯೋ ಇಲ್ಲ ಮಾರಾಯ್ರೆ, ಅದು ನಿಮ್ಮ ಗುಳ್ಳ ಅಲ್ಲ."

"ಮತ್ತ?"

"ನೀವು ಕಳಿಸಿದ್ದಕ್ಕೆ ಮುಳ್ಳೇ ಇರ್ಲಿಲ್ಲ. ಯಾರೋ ನಿಮ್ಗೆ ಡುಪ್ಲಿಕೇಟ್ ಮಾಲು ಹಾಕಿ ಮೋಸ ಮಾಡಿದ್ದಾರೆ ಅಂತ ನಾನು ಗ್ರಹಿಸಿದ್ದು. ಊರವರೆಲ್ಲ ಬರುವಾಗ ನಕಲಿ ಗುಳ್ಳ ಬಡಿಸಿ ನನ್ನ ಮರ್ಯಾದೆ ಎಂತ ಆಗ್ಬೇಕು? ಅದನ್ನು ಕೆಳಗೆ ವಾಚ್‌ಮನ್‌ಗೆ ಕೊಟ್ಟೆ. ಎರಡು ಪಾತ್ರೆಗೂ ಮಾಟುಂಗದಿಂದ ನಾನೇ ತರಿಸಿದ್ದು."

ಎರಡೂ ಒಂದೇ ಗುಳ್ಳ! ಹಾಗಾದರೆ ಆ ಬೆಣ್ಣೆ, ಆ ಕಹಿ, ನನ್ನ ಗಟ್ಟಿ ಸಿಪ್ಪೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮಾತ್ರ, "ಏನೇ ಹೇಳಿ, ಎರಡನೆಯದು ಕಹಿಯೇ" ಎಂದು ಪಟ್ಟು ಬಿಡಲಿಲ್ಲ. ಆದರೆ ಕುಲಕರ್ಣಿಯವರು ಗೊಗ್ಗರು ಗಂಟಲಲ್ಲಿ ನಗುತ್ತಿದ್ದರು. "ಅಂದ್ರ ಇದು ನಂದಲ್ಲ! ನನ್ನ ಗುಳ್ಳದೊಳಗ ಮುಳ್ಳಿಲ್ಲ!" ಎಂದು ಲೀಲಕ್ಕನಿಗೆ ಕೈಮುಗಿದರು. ಜೀವ ಉಳಿಸಿದ್ದಕ್ಕಲ್ಲ, ಅದನ್ನು ಅವರು ಗಮನಿಸಿದಂತೆಯೇ ಕಾಣಲಿಲ್ಲ.

ಇಳಿದು ಹೋಗಿ ವಾಚ್‌ಮನ್‌ನನ್ನು ಕೇಳಿದೆ. ಮುಂಬಯಿಯಲ್ಲಿ ಆ ತಳಿಯನ್ನು ತಿಂದವನು ಅವನೊಬ್ಬನೇ. "ಹೇಗಿತ್ತು?" ಎಂದರೆ, "ಬೈಂಗನ್ ಥಾ, ಮೇಡಂ" ಎಂದ. ಬದನೆ ಇತ್ತು, ಅಷ್ಟೇ.

ನಡೆದದ್ದನ್ನು ಮೇಲಿನವರಿಗೆ ಇದ್ದಹಾಗೇ ತಿಳಿಸಿದೆ. ಅವರು ನಕ್ಕರೋ ಬೈದರೋ ಗೊತ್ತಿಲ್ಲ, ಇನ್ನೊಂದು ಬೆಳೆಯ ಅವಕಾಶ ಕೊಟ್ಟರು. ಮೊನ್ನೆ ಆ ಬೆಳೆಯ ಗುಳ್ಳದ ಚೀಲವೊಂದು ಸಯನ್‌ನ ನಮ್ಮ ಮನೆಗೇ ಬಂತು. ಈ ಸಲ ಊರವರಿಗೆ ಬಡಿಸುವ ಮೊದಲು ನೀವೇ ತಿಂದು ನೋಡಿ, ತೊಟ್ಟು ಹೇಗಿದೆ ಹೇಳಿದರೆ ಸಾಕು ಎಂದು ಕುಲಕರ್ಣಿಯವರು ಹೇಳಿದ್ದರು. ಬೆರಳಿಂದ ತಡವಿದೆ, ನುಣುಪಾಗಿತ್ತು. ಹುಳಿ ಮಾಡಿದೆ. ಹೋಳು ತಿಂದೆ. ತೊಟ್ಟನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿ ಅದನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಫೋನ್ ಬಂತು.

"ತೊಟ್ಟು ಹೆಂಗಿತ್ರಿ?"

"ನೋಡೋದಕ್ಕೆ ತುಂಬಾ ಚೆನ್ನಾಗಿದೆ ಸರ್."

"ಖರೇ ಹೇಳ್ತೀನ್ರಿ, ಅವತ್ತಿನಿಂದ ನಾನೂ ತೊಟ್ಟು ಬಾಯಿಗೆ ಇಟ್ಟಿಲ್ಲ. ಧೈರ್ಯ ಆಗವಲ್ದು. ಅದಕ್ಕ ನಿಮಗ ಕಳಿಸೀನಿ."

ಯಜಮಾನರನ್ನು ಕರೆದು ನನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡೆ. ಫೋನನ್ನು ಸ್ಪೀಕರಿಗೆ ಹಾಕಿ, ಕಣ್ಣು ಮುಚ್ಚಿ, ತೊಟ್ಟನ್ನು ಬಾಯಿಗೆ ಹಾಕಿ ಜಗಿದೆ. ಆ ಕಡೆ ಅವರ ಉಸಿರು ಕೇಳುತ್ತಿತ್ತು.

"ಏನಾತ್ರಿ?"

"ಏನೂ ಆಗಲಿಲ್ಲ ಸರ್."

ಅವರು "ಹಾ!" ಎಂದು ಉಸಿರು ಬಿಟ್ಟ ರೀತಿ ಕೇಳಬೇಕಿತ್ತು, ತಮ್ಮ ಜನ್ಮದಲ್ಲಿ ಇಂಥ ಹೊಗಳಿಕೆ ಕೇಳಿಲ್ಲ ಎಂಬಂತಿತ್ತು. ಮುಂದಿನ ಭಾನುವಾರಕ್ಕೇ ಹಾಲ್ ಹಿಡಿಯಿರಿ ಎಂದರು, ನಾನೂ ಹೂಂ ಎಂದೆ. ಫೋನಿಟ್ಟ ಮೇಲೆ, ಕಾವಲು ನಿಂತಿದ್ದ ಯಜಮಾನರು, "ರುಚಿ ಹೇಗಿತ್ತು?" ಎಂದು ಕೇಳಿದರು. ಕುಲಕರ್ಣಿಯವರು ಅದನ್ನು ಕೇಳಿರಲಿಲ್ಲ. ನಾನೂ ಗಮನಿಸಿರಲಿಲ್ಲ.