ಉರುಳೆಗಳ ಹಿಂದಿನ ನಿದ್ದೆ

ಮಧ್ಯಾಹ್ನ ಊಟದ ಹೊತ್ತಿಗೆ ಅಚ್ಚಿನ ಯಂತ್ರ ನಿಂತರೆ ಆ ಪ್ರೆಸ್ಸಿನೊಳಗೆ ಮೌನ ಇಳಿಯುತ್ತಿತ್ತು, ಕಾಯಿಸಿಟ್ಟ ಹಾಲಿಗೆ ಕೆನೆ ಕಟ್ಟುವಷ್ಟು ಮೆಲ್ಲಗೆ. ಕರಡು ತಿದ್ದುವವನು ಬೆಳಗಿನಿಂದ ಕಾಯುತ್ತಿದ್ದುದು ಅದನ್ನೇ. ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಇಲ್ಲಿ ಅಚ್ಚಿನ ಯಂತ್ರ. ನಡುವೆ ಅವನ ಪಾಲಿಗೆ ಉಳಿದಿದ್ದು ಈ ಒಂದು ತುಣುಕು. ಊಟದ ಡಬ್ಬಿ ಮುಚ್ಚಿ, ಬಾಳೆಹಣ್ಣು ತಿಂದು, ಕಾಗದದ ದೊಡ್ಡ ಉರುಳೆಗಳ ಹಿಂದೆ ಹೋಗಿ ಮುದುಡಿ ಮಲಗುತ್ತಿದ್ದ. ಆ ಮುದುಡಿದ ಭಂಗಿ ನೋಡಿ ಜೊತೆಯವರು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಯಜಮಾನರಿಗೆ ಮಾತ್ರ ಆ ಹೆಸರೂ ಗೊತ್ತಿರಲಿಲ್ಲ, ಅದು ಬಂದ ಕಾರಣವೂ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಪೆನ್ನಿನ ಮುಚ್ಚಳದಿಂದ. ಅದು ಅವರ ಕೈಜಾರಿ, ಉರುಳಿ, ಹೋಗಬಾರದ ಕಡೆಗೇ ಹೋಯಿತು. ಹುಡುಕಲು ಬಗ್ಗಿದ ಯಜಮಾನರಿಗೆ ಎರಡು ಬರಿಗಾಲು ಎದುರಾದವು.

"ಏನಯ್ಯಾ ಇದು?"

ಅಲ್ಪವಿರಾಮ ಎದ್ದು ಕೂತ. ಕಣ್ಣು ತೆರೆದಿತ್ತು, ಬುದ್ಧಿ ಇನ್ನೂ ಮಲಗಿತ್ತು. ಬೆಳಿಗ್ಗೆ ಒಂದು ಆರೋಗ್ಯ ಪತ್ರಿಕೆಯ ಕರಡು ತಿದ್ದಿದ್ದ, ದಿನನಿತ್ಯದ ಅಭ್ಯಾಸ, ಆಹಾರಗಳ ಲಾಭದ ಬಗ್ಗೆ ಏನೋ ಲೇಖನ. ಅದೇ ಬಾಯಿಗೆ ಬಂತು.

"ಹೃದಯಕ್ಕೆ ಒಳ್ಳೇದು ಸಾರ್."

"ಯಾವ್ದು?"

"ಮಧ್ಯಾಹ್ನದ ಕಿರುನಿದ್ದೆ. ನಾವು ಅಚ್ಚು ಹಾಕ್ತಿರೋ ಪತ್ರಿಕೇಲೇ ಇದೆ."

ಬೇರೆ ಯಜಮಾನನಾಗಿದ್ದರೆ ಆಗಲೇ ಬಾಗಿಲು ತೋರಿಸುತ್ತಿದ್ದ. ಆದರೆ ಹಿಂದಿನ ವಾರವಷ್ಟೇ ಡಾಕ್ಟರು ಇವರ ಬಿ.ಪಿ. ನೋಡಿ ಹುಬ್ಬೇರಿಸಿದ್ದರು. ಆ ಹುಬ್ಬು ಇನ್ನೂ ಇವರ ಎದೆಯಿಂದ ಇಳಿದಿರಲಿಲ್ಲ. ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತರು.

"ಹೃದಯಕ್ಕೆ ಅಂದ್ಯಾ? ಇನ್ನೇನೇನು ಬರೆದಿದ್ದಾರೆ?"

ಇಲ್ಲೇ ತೊಡಕು. ಅಲ್ಪವಿರಾಮ ಲೇಖನವನ್ನು ತಿದ್ದಿದ್ದನೇ ಹೊರತು ಓದಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವರು ಅನ್ನದ ರುಚಿ ಯೋಚಿಸುತ್ತಾರೆಯೇ? ಬಿಟ್ಟುಹೋದ ಒತ್ತು, ತಪ್ಪಿದ ದೀರ್ಘ, ಹಸ್ತಪ್ರತಿಯಲ್ಲಿದ್ದು ಅಚ್ಚಿನಲ್ಲಿ ಹಾರಿಹೋದ ಸಾಲು, ಎಲ್ಲವನ್ನೂ ಹಿಡಿದು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದಿದ್ದ. ಏನು ಬರೆದೆ ಎಂದು ಕೇಳಿದರೆ ದೇವರೇ ಬಲ್ಲ.

"ಮಲಗೋ ಮುಂಚೆ ಬಾಳೆಹಣ್ಣು ತಿನ್ಬೇಕಂತೆ ಸಾರ್," ಎಂದ. ಸಿಪ್ಪೆ ಕಣ್ಣೆದುರೇ ಬಿದ್ದಿತ್ತು.

ಬೈಂಡಿಂಗ್ ಅಕ್ಕ ಅಂಟಿನ ಕುಂಚ ಹಿಡಿದೇ ಓಡಿಬಂದಳು. ಯಾರ ಮನೆಯ ಕಾಯಿಲೆಯಾದರೂ ತನ್ನದೇ ಎಂದುಕೊಳ್ಳುವ ಹೆಂಗಸು. "ಎಡಕ್ಕೆ ತಿರುಗಿ ಮಲಗ್ಬೇಕೋ, ಬಲಕ್ಕೋ?"

"ಎಡಕ್ಕೆ."

"ಅದಕ್ಕೇ ಮತ್ತೆ! ನಮ್ಮನೆಯವರು ಬಲಕ್ಕೆ ಮಲಗ್ತಾರೆ. ಅದಕ್ಕೇ ನಾನು ಹೇಳಿದ್ದು ಒಂದೂ ತಲೆಗೆ ಹೋಗಲ್ಲ."

ಅಷ್ಟರಲ್ಲಿ ಯಂತ್ರ ನಡೆಸುವ ಗುಡುಗಣ್ಣ ಬಂದ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಅದು ನಿಂತಾಗಲೂ ಕೂಗಿಯೇ ಮಾತಾಡುವವನು. "ಗೊರಕೆ ಹೊಡೆದ್ರೆ ಒಳ್ಳೇದಾ, ಕೆಟ್ಟದ್ದಾ?"

ಅಲ್ಪವಿರಾಮನ ಕಿವಿ ಗುಂಯ್ ಎಂದಿತು. "ಒಳ್ಳೇದಣ್ಣ. ಶ್ವಾಸಕೋಶಕ್ಕೆ."

"ಹಂಗಾದ್ರೆ ನನಗೆ ಸಾವೇ ಇಲ್ಲ ಬಿಡು ಮಾರಾಯ!"

ಅಕ್ಕ ಮೂಲೆಯಂಗಡಿಗೆ ಹೋಗಿ ಬಾಳೆಹಣ್ಣಿನ ಚಿಪ್ಪು ತಂದಳು. ಯಂತ್ರ ಶುರುವಾಗುವ ಹೊತ್ತು ಮೀರಿದ್ದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಹಣ್ಣು ಸುಲಿಯುತ್ತಿದ್ದಾಗ ಯಜಮಾನರು, "ಆ ಕರಡು ತಗೊಂಬಾ, ಕಣ್ಣಾರೆ ನೋಡ್ತೀನಿ," ಎಂದರು.

ಮೇಜಿನವರೆಗೆ ನಡೆಯುವಾಗ, ಒಳ್ಳೆಯದಾಗುತ್ತದೆ ಎಂದು ತಾನೇ ಸಾರಿದ ಹೃದಯ ಅವನ ಬಾಯಿಗೇ ಬಂದಿತ್ತು. ಲೇಖನದಲ್ಲಿ ನಿದ್ದೆಯ ಸುದ್ದಿಯೇ ಇಲ್ಲದಿದ್ದರೆ? ಬೇರೆ ಕೆಲಸವೇನೋ ಸಿಕ್ಕೀತು. ಇಂಥ ಮೌನವಿರುವ ಕೆಲಸ ಎಲ್ಲಿ ಸಿಗಬೇಕು?

ಯಜಮಾನರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಮಧ್ಯಾಹ್ನದ ಕಿರುನಿದ್ದೆ ಮನಸ್ಸನ್ನು ಹಗುರಗೊಳಿಸುತ್ತದೆ, ಹೃದಯಕ್ಕೂ ಹಿತ." ಹಾಳೆ ತಿರುವಿದರು. "ಬಾಳೆಹಣ್ಣೂ ಇದೆ ಕಣಯ್ಯಾ!"

ಗೊರಕೆ ಇದೆಯೋ ಎಂದು ಯಾರೂ ಕೇಳಲಿಲ್ಲ. ಗುಡುಗಣ್ಣನಿಗೆ ಅದು ಇತ್ಯರ್ಥವಾದ ವಿಷಯ.

"ಇವತ್ತಿಂದಲೇ ಶುರು," ಎಂದರು ಯಜಮಾನರು. "ಊಟ ಆದ್ಮೇಲೆ ಎಲ್ಲರೂ ಮಲಗ್ಬೇಕು. ನಾನೂ ಮಲಗ್ತೀನಿ."

ಅಲ್ಪವಿರಾಮನಿಗೆ ಕಣ್ಣು ತುಂಬಿ ಬಂತು. ಇನ್ನು ಕದ್ದು ಮಲಗಬೇಕಿಲ್ಲ. ಉರುಳೆಗಳ ಕಡೆ ಹೆಜ್ಜೆ ಹಾಕಿದ.

"ನಿಲ್ಲಯ್ಯಾ. ಅಂಚಲ್ಲಿ ಇನ್ನೊಂದು ಸಾಲಿದೆ, ಕೆಂಪು ಶಾಯೀಲಿ. ನಿನ್ನ ಅಕ್ಷರ ಅಲ್ವಾ?"

"ಹೌದು ಸಾರ್. ಅಚ್ಚಲ್ಲಿ ಬಿಟ್ಟುಹೋಗಿತ್ತು. ನಾನೇ ಹಿಡಿದು ಸೇರಿಸಿದ್ದು," ಎಂದ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

ಯಜಮಾನರು ಓದಿದರು: "ಆದರೆ ಈ ನಿದ್ದೆ ಉದ್ದವಾದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು. ಹೊತ್ತಿಗೆ ಸರಿಯಾಗಿ ಎಬ್ಬಿಸಲು ಒಬ್ಬರು ಎಚ್ಚರವಾಗಿದ್ದರೆ ಒಳಿತು."

ಎಲ್ಲರೂ ಅವನತ್ತ ತಿರುಗಿದರು.

"ಯಾರ ಕಣ್ಣಿಗೂ ಬೀಳದ ಸಾಲು ಇವನ ಕಣ್ಣಿಗೆ ಬಿದ್ದಿದೆ. ಎಚ್ಚರ ಅಂದ್ರೆ ಇದು!" ಎಂದು ಯಜಮಾನರು ತಮ್ಮ ಮೇಜಿನ ಮೇಲಿದ್ದ ಗಂಟೆಯನ್ನು ತಂದು ಅವನ ಕೈಗಿಟ್ಟರು.

ಸ್ವಲ್ಪ ಹೊತ್ತಿಗೆ ಪ್ರೆಸ್ಸೆಲ್ಲ ಮಲಗಿತು. ಉರುಳೆಗಳ ಹಿಂದಿನ ತಣ್ಣನೆಯ ಜಾಗ ಯಜಮಾನರ ಪಾಲಾಯಿತು. ಗುಡುಗಣ್ಣನ ಗೊರಕೆ ಶುರುವಾಯಿತು. ಅದರ ಮುಂದೆ ಅಚ್ಚಿನ ಯಂತ್ರವೇ ಜೋಗುಳ. ಅಲ್ಪವಿರಾಮ ಸ್ಟೂಲಿನ ಮೇಲೆ, ತೊಡೆಯಲ್ಲಿ ಗಂಟೆ ಇಟ್ಟುಕೊಂಡು, ನೆಟ್ಟಗೆ ಕೂತಿದ್ದ. ರೆಪ್ಪೆ ತಾನಾಗಿ ಇಳಿಯಿತು.

ಎಡಕ್ಕೆ ತಿರುಗಿ ಮಲಗಿದ್ದ ಅಕ್ಕ ಒಂದೇ ಕಣ್ಣು ಬಿಟ್ಟಳು.

"ತೂಕಡಿಸ್ಬೇಡ ತಮ್ಮಾ. ನಮ್ಮೆಲ್ಲರ ಆರೋಗ್ಯ ನಿನ್ನ ಕೈಲಿದೆ."